ಬಿಸಿಲಿಗೆ ಹಾಕಿದ ಮಾರ್ಷ್‌ಮೆಲ್ಲೋ

ಮಕ್ಕಳೇ, ಈ ಕತೆಯನ್ನು ಇಂಚರ ನಿಮಗೆಲ್ಲ ಆಗಲೇ ಹೇಳಿದ್ದಾಳೆ, ನನಗೆ ಗೊತ್ತು. ನೆಂಟರು ಸೇರಿದ ಕಡೆಯಲ್ಲೆಲ್ಲ ಹೇಳುತ್ತಾಳೆ. ಹೇಳಿದಷ್ಟು ಸಲವೂ ಬೆಂಕಿ ಇನ್ನಷ್ಟು ಎತ್ತರವಾಗುತ್ತದೆ. ಮೊನ್ನೆ ಚನ್ನರಾಯಪಟ್ಟಣದ ನಾಮಕರಣದಲ್ಲಿ ಅದು ಬಚ್ಚಲುಮನೆಯ ಸೂರು ಮುಟ್ಟಿತಂತೆ! ನಾನು ನಾಲ್ಕು ಜನರ ಮುಂದೆ ಬಾಯಿ ಬಿಡುವವಳಲ್ಲ. ಆದ್ದರಿಂದ ನಡೆದದ್ದನ್ನು ನಡೆದ ಹಾಗೆ ಬರೆದಿಡುತ್ತೇನೆ. ಬೆಂಕಿ ಮೊಳದುದ್ದಕ್ಕಿಂತ ಹೆಚ್ಚು ಎದ್ದಿರಲಿಲ್ಲ. ಇದು ಸತ್ಯ.

ಅದು ಹೋದ ವರ್ಷದ ದಸರಾ ರಜೆ. ಇಂಚರ ನನ್ನ ಮಗಳ ಮಗಳು. ಅರಕಲಗೂಡಿನಲ್ಲಿ ಅಪ್ಪ ಅಮ್ಮನ ಜೊತೆ ಇರುತ್ತಾಳೆ. ರಜೆ ಬಂತೆಂದರೆ ಹಾಸನಕ್ಕೆ, ಅವಳ ಅಪ್ಪನ ಅಮ್ಮನ ಮನೆಗೆ ಓಡುತ್ತಿದ್ದಳು. ಆ ಅಜ್ಜಿ, ಅಂದರೆ ನನ್ನ ಬೀಗಿತ್ತಿ, ಹೈಸ್ಕೂಲಿನಲ್ಲಿ ಮೇಡಮ್ ಆಗಿದ್ದವರು. ಅವರ ಮನೆಯಲ್ಲಿ ಓವನ್ ಇದೆ. ಓವನ್ನಿನಲ್ಲಿ ಕೇಕು ಬೇಯುತ್ತದೆ. ನನ್ನ ಮನೆ ದುದ್ದದಲ್ಲಿದೆ, ಇಲ್ಲಿ ರಾಗಿಮುದ್ದೆ ಬೇಯುತ್ತದೆ. ಮಗು ಎಲ್ಲಿಗೆ ಹೋಗುತ್ತದೆ, ನೀವೇ ಹೇಳಿ.

ಆ ಸಲ ಬೀಗಿತ್ತಿ ಕಾಶಿಗೆ ಹೋದರು. ಹೀಗೆ ಸಾಕ್ಷಾತ್ ವಿಶ್ವನಾಥನ ದಯೆಯಿಂದ ಮಗು ನನ್ನ ಪಾಲಿಗೆ ಬಂತು. ಕರುವಿನ ಜೊತೆ ಆಡಿದಳು, ತೋಟದಲ್ಲಿ ಎಳನೀರು ಕುಡಿದಳು. ನನಗಂತೂ ಹಬ್ಬ ಎರಡೆರಡು ಸಲ ಬಂದ ಹಾಗಿತ್ತು. ಅಷ್ಟರಲ್ಲಿ ಬೀಗಿತ್ತಿ ಕಾಶಿಯಿಂದ ಬಂದು, "ನಾಳೆ ಬಂದು ಮಗೂನ ಕರ್ಕೊಂಡು ಹೋಗ್ತೀನಿ" ಎಂದು ಫೋನು ಮಾಡಿದರು. ನಾನು ಧೈರ್ಯ ಮಾಡಿ ಇಂಚರಳನ್ನು ಕೇಳಿದೆ.

"ಮಗಾ, ಬೇಸ್ಗೆ ರಜಕ್ಕೂ ಇಲ್ಲಿಗೇ ಬತ್ತೀಯಾ?"

"ನೋಡೋಣ ಅಜ್ಜಿ" ಎಂದಳು.

ಈ "ನೋಡೋಣ" ಇದೆಯಲ್ಲ, ಅದನ್ನು ನಾನು ಚೆನ್ನಾಗಿ ಬಲ್ಲೆ. ಬಾರದ ನೆಂಟರೆಲ್ಲ ಹೇಳುವ ಮಾತು ಅದು.

"ಏನ್ ಬೇಕೋ ಕೇಳು, ಮಾಡ್ಕೊಡ್ತೀನಿ" ಎಂದೆ. ಅವಳು ಮೊಬೈಲು ತಂದು ತೋರಿಸಿದಳು. ಅದರಲ್ಲಿ ಒಬ್ಬಳು ಹುಡುಗಿ ಬ್ರೆಡ್ಡಿಗೆ ಕಡಲೆಕಾಯಿ ಬೀಜದ ಹಿಟ್ಟಿನಂಥದ್ದು ಸವರಿದಳು. ಮೇಲೆ ಬೆಳ್ಳಗಿನ ಉಂಡೆಗಳನ್ನು ಬೆಂಕಿಯಲ್ಲಿ ಬಿಸಿ ಮಾಡಿ ಇಟ್ಟಳು. ಇನ್ನೊಂದು ಬ್ರೆಡ್ಡು ಮುಚ್ಚಿದಳು. ಮುಗಿಯಿತು! ಪೀನಟ್ ಬಟರ್ ಮಾರ್ಷ್‌ಮೆಲ್ಲೋ ಸ್ಯಾಂಡ್‌ವಿಚ್ಚಂತೆ.

ನನಗೆ ನಗು ಬಂತು. ಹುಟ್ಟಿದಾಗಿನಿಂದ ಕಡಲೆಕಾಯಿ ಕಿತ್ತವಳು, ಬಿಡಿಸಿದವಳು, ಹುರಿದವಳು, ರುಬ್ಬಿದವಳು ನಾನು. ಇದೊಂದು ಕೆಲಸವೇ?

"ಇಷ್ಟೇಯಾ? ನಾಳೆ ನಿಮ್ಮ ಹಾಸನದ ಅಜ್ಜಿಗೂ ಕೊಟ್ಟು ಕಳುಸ್ತೀನಿ, ನೋಡ್ತಿರು" ಎಂದೆ.

ಯಾವತ್ತೂ ಜಂಬ ಕೊಚ್ಚಿಕೊಳ್ಳದವಳು ಅವತ್ತೇ ಯಾಕೆ ಕೊಚ್ಚಿಕೊಂಡೆನೋ!

ಹಾಸನಕ್ಕೆ ಹೋಗಿದ್ದ ನನ್ನ ಮಗ ಸಂಜೆ ಬರುವಾಗ ಬ್ರೆಡ್ಡನ್ನೂ ಆ ಬಿಳಿ ಉಂಡೆಗಳ ಪ್ಯಾಕೆಟ್ಟನ್ನೂ ತಂದ. ಬೆಳಿಗ್ಗೆ ಬೇಗ ಎದ್ದು ಪ್ಯಾಕೆಟ್ಟು ಬಿಚ್ಚಿದೆ. ಇಂಚರ ಇನ್ನೂ ಮಲಗಿದ್ದಳು. ಸೊಸೆ ಸವಿತಾ ಡೈರಿಗೆ ಹಾಲು ಹಾಕಲು ಹೋಗಿದ್ದಳು. ಒಂದು ಉಂಡೆಯನ್ನು ಒತ್ತಿ ನೋಡಿದೆ. ಒಳಗೆ ಹೋಗಿ ಮತ್ತೆ ಮೇಲೆ ಬಂತು, ಎಳೆಗರುವಿನ ಮೂತಿಯ ಹಾಗೆ. ಮೇಲೆಲ್ಲ ಬೆಳ್ಳಗೆ ಹಿಟ್ಟು ಅಂಟಿತ್ತು.

ಹಿಟ್ಟು ನೋಡಿದ ಕೂಡಲೇ ನನಗೆ ಎಲ್ಲ ಅರ್ಥವಾಯಿತು. ನಾವು ಅವರೆಕಾಳಿಗೆ, ತೊಗರಿಗೆ ಹುಳು ಬೀಳದಿರಲಿ ಎಂದು ಬೂದಿ ಬೆರೆಸಿ ಇಡುವುದಿಲ್ಲವೇ? ಇವರೂ ಏನನ್ನೋ ಬೆರೆಸಿದ್ದಾರೆ. ತೊಳೆಯದೆ ಮಗುವಿನ ಬಾಯಿಗೆ ಇಡುವುದೇ? ಛೆ, ಛೆ!

ಪ್ಯಾಕೆಟ್ಟಿನ ಅರ್ಧವನ್ನು ಬೋಗುಣಿಗೆ ಸುರಿದು, ಅಕ್ಕಿ ತೊಳೆದ ಹಾಗೆ ಗಸಗಸ ತೊಳೆದೆ. ಮೊದಲನೆ ನೀರಿಗೆ ಹಿಟ್ಟು ಹೋಯಿತು. ಎರಡನೆ ನೀರಿಗೆ ಉಂಡೆ ಸಣ್ಣಗಾಯಿತು. ಕೈಯೆಲ್ಲ ಲೋಳೆ ಲೋಳೆ. "ನೆಂದಿದೆ, ಒಣಗಿದರೆ ಸರಿಹೋಗುತ್ತದೆ" ಎಂದುಕೊಂಡು ತಾರಸಿಗೆ ಹತ್ತಿ, ಸಂಡಿಗೆ ಇಡುವ ಹಳೆಯ ಸೀರೆ ಹಾಸಿ, ಒಂದೊಂದಾಗಿ ಸಾಲಾಗಿ ಬಿಸಿಲಿಗೆ ಇಟ್ಟೆ. ನೋಡಲು ಎಷ್ಟು ಚೆಂದ ಇತ್ತು! ಮನಸ್ಸಿಗೆ ಸಮಾಧಾನವಾಗಿ ಕೆಳಗಿಳಿದೆ.

ಇನ್ನು ಕಡಲೆಕಾಯಿ ಬೀಜ. ಹದವಾಗಿ ಹುರಿದು, ಸಿಪ್ಪೆ ಉಜ್ಜಿ, ಮೊರದಲ್ಲಿ ಕೇರಿ ಮಿಕ್ಸಿಗೆ ಹಾಕಿದೆ. ಪುಡಿಯಾಯಿತು. ಮೊಬೈಲಿನಲ್ಲಿ ನೋಡಿದ್ದು ಬೆಣ್ಣೆಯ ಹಾಗಿತ್ತು. ಹಾಗಾದರೆ ಏನು ಮಾಡಬೇಕು? ನಮ್ಮ ಸೀಮೆಯ ಯಾವ ಹೆಂಗಸಾದರೂ ಬೀಜ ರುಬ್ಬುವಾಗ ನೀರು ಹಾಕದೆ ಬಿಡುತ್ತಾಳೆಯೇ? ಸ್ವಲ್ಪ ಹಾಕಿದೆ. ಬೀಜವೆಲ್ಲ ಒಂದಾಗಿ ಗಟ್ಟಿ ಮುದ್ದೆ ಕಟ್ಟಿತು. ಮಿಕ್ಸಿ "ಗೊರ್" ಎಂದಿತು, "ಕುಂಯ್" ಎಂದಿತು, ಸುಟ್ಟ ವಾಸನೆ ಬಿಟ್ಟು ಸುಮ್ಮನಾಯಿತು.

ಅಷ್ಟರಲ್ಲಿ ಸವಿತಾ ಹಾಲಿನ ಕ್ಯಾನು ಹಿಡಿದು ಬಂದಳು.

"ಅಯ್ಯೋ ಅತ್ತೆ! ನಮ್ಮವ್ವ ಕೊಟ್ಟಿದ್ ಮಿಕ್ಸಿ! ಏನ್ ಮಾಡ್ಬುಟ್ರಿ?"

"ನಾನೇನೂ ಮಾಡ್ಲಿಲ್ಲ ಕಣವ್ವ. ಅದೇ ನಿಂತ್ಕಂತು."

"ನಿಂತ್ಕಂಡಿಲ್ಲ ಅತ್ತೆ, ಮಲಿಕ್ಕಂಬುಡ್ತು!"

ನಾನು ಮಾತು ಬೆಳೆಸದೆ ಇನ್ನಷ್ಟು ಬೀಜ ಹುರಿದುಕೊಂಡು ಹಿತ್ತಲಿನ ಒರಳುಕಲ್ಲಿಗೆ ಹೋದೆ. ನೀರು ಹಾಕದೆ, ಎರಡು ಚಮಚ ಎಣ್ಣೆ ಬಿಟ್ಟು, ರಟ್ಟೆ ಬೀಳುವ ತನಕ ರುಬ್ಬಿದೆ. ಆಹಾ! ಬೆಣ್ಣೆಯೆಂದರೆ ಬೆಣ್ಣೆ. ಅದೇ ಒರಳಿನಲ್ಲಿ ಭಾನುವಾರ ಕೋಳಿಸಾರಿಗೆ ಖಾರ ರುಬ್ಬಿದ್ದು ಮಾತ್ರ ನನಗೆ ನೆನಪಾಗಲಿಲ್ಲ. ತೊಳೆದಿದ್ದೆ, ಇಲ್ಲವೆನ್ನುವುದಿಲ್ಲ. ಆದರೆ ಒರಳು ಅಷ್ಟು ಸುಲಭವಾಗಿ ಮರೆಯುವುದಿಲ್ಲ.

ಇಂಚರ ಕಣ್ಣುಜ್ಜಿಕೊಂಡು ಬಂದಳು.

"ಅಜ್ಜಿ, ಮಾರ್ಷ್‌ಮೆಲ್ಲೋ ಎಲ್ಲಿ? ಪ್ಯಾಕೆಟ್ಟಲ್ಲಿ ಅರ್ಧನೇ ಇದೆ!"

"ತೊಳ್ದು ಒಣಗ್ಸಿವ್ನಿ ಮಗಾ, ತಾರಸೀಲಿ."

"ತೊಳ್‌ದ್ರಾ?"

ಆ ಮಗುವಿನ ಮುಖ ನೋಡಿ ನನಗೆ ಏನೋ ತಪ್ಪಾಗಿದೆ ಎಂದು ಅನುಮಾನ ಬಂತು. ಇಬ್ಬರೂ ಮೆಟ್ಟಿಲು ಹತ್ತಿ ಓಡಿದೆವು. ಸಾಲಾಗಿ ಇಟ್ಟಿದ್ದ ಉಂಡೆಗಳೆಲ್ಲ ಕರಗಿ, ಒಂದಕ್ಕೊಂದು ಕೂಡಿಕೊಂಡು, ಸೀರೆಗೆ ಗಂಜಿ ಹಾಕಿದ ಹಾಗೆ ಆಗಿತ್ತು. ನಡುವೆ ಒಂದು ಕಾಗೆ. ಕೊಕ್ಕು ಅದರಲ್ಲಿ ಹೂತಿತ್ತು. ನಮ್ಮನ್ನು ಕಂಡು ಹಾರಿತು. ಕೊಕ್ಕಿನಿಂದ ಸೀರೆಯವರೆಗೆ ಬಿಳಿಯ ದಾರ! ಕಾಗೆ ಮೇಲೆ ಹೋದಷ್ಟೂ ದಾರ ಉದ್ದವಾಯಿತು. ಕೊನೆಗೆ ತುಂಡಾಗಿ, ಕಾಗೆ ಬಾಯಿ ಬಿಡಲಾರದೆ "ಕ್ಮ್ ಕ್ಮ್" ಎನ್ನುತ್ತಾ ತೆಂಗಿನಮರಕ್ಕೆ ಹೋಗಿ ಕುಳಿತು, ಗರಿಗೆ ಕೊಕ್ಕು ಉಜ್ಜತೊಡಗಿತು.

ಇಂಚರ ಬಿದ್ದು ಬಿದ್ದು ನಕ್ಕಳು. ನನಗೆ ಅಳು ಬರುವುದೊಂದು ಬಾಕಿ. ಬೀಗಿತ್ತಿ ಬರುವ ಹೊತ್ತಾಗಿತ್ತು.

"ಉಳ್ದಿರೋದು ಸಾಕು ಅಜ್ಜಿ, ಸುಡೋಣ ಬನ್ನಿ" ಎಂದಳು.

ಸುಡುವುದಾದರೆ ನನಗೆ ಯಾರೂ ಹೇಳಿಕೊಡಬೇಕಾಗಿಲ್ಲ. ಬದನೆಕಾಯಿ ಸುಟ್ಟು ಗೊಜ್ಜು ಮಾಡುವ ಕೈ ಇದು. ಬಚ್ಚಲೊಲೆಯಲ್ಲಿ ಒಳ್ಳೆ ಕೆಂಡವಿತ್ತು. ಬದನೆಕಾಯಿ ಚುಚ್ಚುವ ಕಂಬಿಗೆ ಒಂದು ಉಂಡೆ ಚುಚ್ಚಿ, ಸಿಪ್ಪೆ ಕರ್ರಗಾಗಲಿ, ಆಮೇಲೆ ಸುಲಿಯೋಣ ಎಂದು ಕೆಂಡದೊಳಗೇ ಹಿಡಿದೆ.

ಸಿಪ್ಪೆ ಕರ್ರಗಾಯಿತು. ಆಮೇಲೆ ಭಗ್ಗೆಂದು ಹೊತ್ತಿಕೊಂಡಿತು!

ನಾನು ಕಂಬಿಯನ್ನು ಹೊರಗೆಳೆದು ಅಂಗಳಕ್ಕೆ ಓಡಿದೆ. ಊದಿದೆ, ಉರಿ ಜಾಸ್ತಿಯಾಯಿತು. ಬೀಸಿದೆ, ಇನ್ನೂ ಜಾಸ್ತಿಯಾಯಿತು. ಸರಿಯಾಗಿ ಆ ಕ್ಷಣಕ್ಕೆ ಹಿತ್ತಲ ಬಾಗಿಲಲ್ಲಿ ಬೀಗಿತ್ತಿ ನಿಂತಿದ್ದರು. ಇಸ್ತ್ರಿ ಮಾಡಿದ ಸೀರೆ, ಕೈಯಲ್ಲಿ ಕಾಶಿ ತೀರ್ಥದ ಗಿಂಡಿ.

"ಏನ್ರೀ ಇದು, ಪಂಜಿನ ಸ್ವಾಗತ!" ಎಂದರು.

ನನಗೆ ಅವರನ್ನು ಕಂಡರೆ ಮೊದಲೇ ನಾಲಿಗೆ ಹೊರಳುವುದಿಲ್ಲ. ಬೀಗರಾಗಿ ಇಷ್ಟು ವರ್ಷವಾದರೂ ಅಕ್ಕ ಎನ್ನಲು ಸಂಕೋಚ, "ಮೇಡಮ್ಮೋರೆ" ಎಂದೇ ಕರೆಯುತ್ತಿದ್ದೆ. ಅವರು ಮಾತಾಡುತ್ತಿದ್ದರೆ ನಾನು ಅಡುಗೆಮನೆ ಬಾಗಿಲ ಹಿಂದೆ ನಿಂತು "ಹೂಂ" ಎನ್ನುತ್ತಿದ್ದವಳು. ಗಾಬರಿಯಲ್ಲಿ ಎರಡೂ ಕೈ ಮುಗಿಯಲು ಹೋದೆ. ಕಂಬಿಯೂ ಕೈಯಲ್ಲೇ ಇತ್ತು! ಉರಿಯುವ ಉಂಡೆ ಹಾರಿ ಹಸುವಿನ ಕಲಗಚ್ಚಿನ ಬಕೆಟ್ಟಿಗೆ ಬಿದ್ದು "ಚುಂಯ್" ಎಂದಿತು. ಹಸು ಮೂತಿ ಹಾಕಿ ಅದನ್ನು ನುಂಗಿ, ಇನ್ನೊಂದು ಎಲ್ಲಿ ಎಂಬಂತೆ ನನ್ನ ಕಡೆ ನೋಡಿತು. ಆ ದಿನ ನನ್ನ ಕೆಲಸವನ್ನು ಮೆಚ್ಚಿದ್ದು ಅದೊಂದೇ.

ಉಳಿದವನ್ನು ಇಂಚರಳೇ ಕೆಂಡದಿಂದ ಮೇಲಕ್ಕೆ ಹಿಡಿದು ಬಿಸಿ ಮಾಡಿಕೊಟ್ಟಳು. ನಾನು ಬೀಜದ ಬೆಣ್ಣೆಯನ್ನು ಜಿಪುಣತನವಿಲ್ಲದೆ ಸವರಿದೆ. ಬೀಗರಿಗೆ ಮೊದಲು ಕೊಡಬೇಕಲ್ಲ, ತಟ್ಟೆಯಲ್ಲಿಟ್ಟು ಕೊಟ್ಟೆ. ಬೀಗಿತ್ತಿ ದೊಡ್ಡದಾಗಿಯೇ ಕಚ್ಚಿದರು. ಅಗಿದರು. ಆಮೇಲೆ ಅಗಿಯುವುದು ನಿಂತಿತು. ಕಣ್ಣು ಅಗಲವಾಯಿತು. ಬಾಯಿಗೆ ಕೈ ಹೋಯಿತು.

ಅವರ ಹಲ್ಲು ಕಟ್ಟಿಸಿದ ಹಲ್ಲು ಎಂದು ನನಗೆ ಯಾರು ಹೇಳಿದ್ದರು? ಮೇಲಿನ ಸೆಟ್ಟೂ ಕೆಳಗಿನ ಸೆಟ್ಟೂ ಒಂದಕ್ಕೊಂದು ಗಟ್ಟಿಯಾಗಿ ಕಚ್ಚಿಕೊಂಡಿದ್ದವು. ಜೊತೆಗೆ ಕೋಳಿಸಾರಿನ ಖಾರ. ಮೂಗಿನಲ್ಲಿ ನೀರು, ಕಣ್ಣಿನಲ್ಲಿ ನೀರು.

"ಅಕ್ಕಾ! ನೀರ್ ಕುಡೀರಿ ಅಕ್ಕಾ!" ಎಂದು ಕೂಗಿದೆ.

"ಊಂ ಊಂ" ಎಂದರು. ಲೋಟ ತುಟಿಗಿಟ್ಟರೆ ನೀರು ಒಳಗೆ ಹೋಗಲು ದಾರಿಯಿಲ್ಲ. ಸವಿತಾ ಬಿಸಿನೀರು ತರಲು ಓಡಿದಳು. ಹುಟ್ಟಿದಾಗಿನಿಂದ ಸುಮ್ಮನಿರದ ಬೀಗಿತ್ತಿ ಸುಮ್ಮನೆ ಕುಳಿತಿದ್ದಾರೆ, ಎದುರಿಗೆ ನಾನು. ಮನೆಯಲ್ಲಿ ಅಂಥ ಮೌನ ನಾನು ಕಂಡಿರಲಿಲ್ಲ. ಅದನ್ನು ತುಂಬಲು ನಾನೇ ಮಾತಾಡಬೇಕಾಯಿತು.

"ತಪ್ ತಿಳ್ಕಬ್ಯಾಡಿ ಅಕ್ಕಾ. ಮಗೀಗೆ ನಿಮ್ಮ ಮನೆ ಕೇಕಿನಂಗೆ ಏನಾರಾ ಮಾಡಿಕೊಡಾನ ಅಂತ ಹೋದೆ. ನಂಗೆ ಅದೆಲ್ಲ ಎಲ್ಲಿ ಬಂದಾತು? ಇಲ್ದಿದ್ರೆ ಅವ್ಳು ಮತ್ತೆ ಬರಾಕಿಲ್ವೇನೋ ಅಂತ ಭಯ ಅಕ್ಕಾ. ನಿಮ್ಮ ಜೊತೇಲಿ ಇರೋದ್ ಬ್ಯಾಡ ಅನ್ನಾಕಿಲ್ಲ. ಬೇಸ್ಗೆ ರಜದಲ್ಲಿ ಅರ್ಧನಾದ್ರೂ ನಂಗೆ ಕೊಡ್ತೀರಾ?"

ಬೀಗಿತ್ತಿ ತಲೆ ಮೇಲೆ ಕೆಳಗೆ, ಮೇಲೆ ಕೆಳಗೆ ಜೋರಾಗಿ ಆಡಿಸಿದರು.

"ಒಪ್ಕಂಡ್ರು!" ಎಂದು ಬಿಸಿನೀರು ಹಿಡಿದು ಬಂದ ಸವಿತಾ ಕೂಗಿದಳು. "ನಾನೇ ಸಾಕ್ಷಿ!"

ಬಿಸಿನೀರಿಗೆ ಹಲ್ಲು ಬಿಟ್ಟುಕೊಂಡಿತು. ಬೀಗಿತ್ತಿ ಮುಖ ತೊಳೆದು, ಹೆಚ್ಚು ಮಾತಾಡದೆ ಮಗುವನ್ನು ಕರೆದುಕೊಂಡು ಹಾಸನದ ಬಸ್ಸು ಹತ್ತಿದರು. ಬಸ್ಸಿನ ಕಿಟಕಿಯಿಂದ ಇಂಚರ ಕೈ ಬೀಸುತ್ತಿದ್ದಳು. ಮುಗಿಯಿತು ನನ್ನ ಕತೆ ಎಂದುಕೊಂಡು ಮನೆಗೆ ಬಂದು, ಗಂಜಿ ಹಾಕಿದ ಸೀರೆಯನ್ನು ಸೋಪಿನಲ್ಲಿ ನೆನೆಹಾಕಿದೆ.

ಸಂಜೆ ಫೋನು ಬಂತು. ಬೀಗಿತ್ತಿ!

"ನೋಡಿ, ನಾನು ಒಪ್ಕೊಂಡು ತಲೆ ಆಡ್ಸಿದ್ದಲ್ಲ. ಹಲ್ಲು ಬಿಡಿಸ್ಕೊಳ್ತಾ ಇದ್ದೆ" ಎಂದರು.

"ಹೂಂ" ಎಂದೆ.

"ಆದ್ರೆ ಇವ್ಳು ಬಸ್ಸಲ್ಲಿ ದಾರಿಯುದ್ದಕ್ಕೂ ಅದೇ ಕತೆ. ನಮ್ಮನೇಲಿ ಕೇಕು ಯಾವಾಗ್ಲೂ ಸರಿಯಾಗೇ ಬರುತ್ತಂತೆ, ಬೇಜಾರಂತೆ! ಬೇಸಿಗೆಗೆ ಇಡೀ ರಜ ನಿಮ್ಮಲ್ಲೇ ಇರ್ತಾಳಂತೆ. ನಾನೇ ಬಂದು ಬಿಟ್ಟು ಹೋಗ್ತೀನಿ. ಮತ್ತೆ, ಅಕ್ಕ ಅಂದ್ರಲ್ಲ, ಇನ್ಮೇಲೆ ಹಾಗೇ ಕರೀರಿ."

ನಾನು ಉಬ್ಬಿಹೋದೆ. ಧೈರ್ಯ ಮಾಡಿ, "ಸ್ಯಾಂಡ್‌ವಿಚ್ಚು ಎಂಗಿತ್ತು ಅಕ್ಕಾ?" ಎಂದೆ.

"ಕಡ್ಲೇಕಾಯಿ ಚಟ್ನಿ ಬಹಳ ಚೆನ್ನಾಗಿತ್ತು. ಅದಕ್ಕೆ ಆ ಬಿಳಿ ಗೋಂದು ಯಾಕೆ ಹಾಕಿದ್ರಿ?"

ಬೇಸಿಗೆಗೆ ಇಂಚರ ಬಂದಳು. ಇಡೀ ರಜೆ ಮುದ್ದೆ ತಿಂದಳು. ಎಲ್ಲ ಸರಿಹೋಯಿತು ಎಂದುಕೊಂಡಿದ್ದೆ. ಆದರೆ ಈ ಸಲದ ಪಿತೃಪಕ್ಷದಲ್ಲಿ ನಿಮ್ಮ ತಾತನಿಗೆ ಎಡೆ ಇಟ್ಟು, ಎಲೆಯನ್ನು ತಾರಸಿಗೆ ಒಯ್ದು "ಕಾ ಕಾ" ಎಂದು ಕರೆದರೆ, ಒಂದು ಕಾಗೆಯೂ ಹತ್ತಿರ ಬರಲಿಲ್ಲ. ಎಲ್ಲ ಪಕ್ಕದ ಮನೆಯ ತಾರಸಿಯ ಮೇಲೆ ಕುಳಿತು ಕತ್ತು ಓರೆ ಮಾಡಿ ನನ್ನನ್ನೇ ನೋಡುತ್ತಿದ್ದವು. ಕೊನೆಗೆ ಸವಿತಾ ಮೆಟ್ಟಿಲ ಮೇಲಿಂದ ಕೂಗಿದಳು:

"ಬನ್ರಪ್ಪಾ, ಬನ್ನಿ! ಬರೀ ವಡೆ, ಪಾಯಸ ಕಣ್ರೋ! ಅದಿಲ್ಲ!"

ನಾನು ಕೆಳಗಿಳಿದು ಮರೆಯಾದ ಮೇಲೆ ಬಂದು ತಿಂದವಂತೆ.