ಭಾವನ ತಲೆಯ ಮೇಲೆ ಹಾರಿದ ಮಾತು

ಇಲ್ಲ ಸ್ವಾಮಿ, ಆಕಾಶಕ್ಕೆ ಮಹಡಿಗಳಿಲ್ಲ ಅನ್ನುವವರು ಒಮ್ಮೆ ರೇಡಿಯೋ ತಾತನ ಅಟ್ಟ ಹತ್ತಿ ಕೇಳಬೇಕು. (ಏಣಿ ಅಲ್ಲಾಡುತ್ತದೆ, ಜೋಕೆ.) ಹಡಗಿನ ವೈರ್‌ಲೆಸ್ ಕೆಲಸದಿಂದ ನಿವೃತ್ತನಾದ ತಾತ ಅಲ್ಲಿ ತನ್ನದೇ ಸ್ಟೇಷನ್ ಇಟ್ಟಿದ್ದ. ಅವನ ಪ್ರಕಾರ ಆಕಾಶದ ಕೆಳಮಹಡಿಯಲ್ಲಿ ಒಬ್ಬ ಹೊಟ್ಟೆಬಾಕನಿದ್ದಾನೆ; ಬಿಸಿಲಿರುವಷ್ಟು ಹೊತ್ತೂ ಉದ್ದುದ್ದ ರೇಡಿಯೋ ಅಲೆಗಳನ್ನು ನುಂಗಿ, ಕತ್ತಲಾದೊಡನೆ ಮಂಗಮಾಯ. ಗಿಡ್ಡ ಅಲೆಗಳು ಅವನ ಕೈ ತಪ್ಪಿಸಿಕೊಂಡು ಮೇಲ್ಮಹಡಿಗೆ ಬಡಿದು, ಚೆಂಡಿನಂತೆ ಪುಟಿದು ಸಮುದ್ರದಾಚೆ ಬೀಳುತ್ತವೆ. ನಡುವಿನ ಊರುಗಳಿಗೆ ಪಿಟಕ್ಕೆಂಬ ಸದ್ದೂ ಇಲ್ಲ.

ಅಂಥ ಒಂದು ಊರಿನಲ್ಲಿ, ಗುಡ್ಡದಾಚೆ, ಇದ್ದವನು ಅಜ್ಜಿಯ ಅಣ್ಣ, ತಾತನ ಬಡಗಿ ಭಾವ. ಪಕ್ಕದಲ್ಲಿ ರೇಡಿಯೋ ಗೊರಗುಟ್ಟದಿದ್ದರೆ ಅವನ ಉಳಿ ಏಳುತ್ತಿರಲಿಲ್ಲ. ಯಾಕೆಂದು ಇಬ್ಬರಿಗೂ ಮರೆತುಹೋದ ಜಗಳದಿಂದ ಅಣ್ಣತಂಗಿ ವರ್ಷಗಟ್ಟಲೆ ಮಾತು ಬಿಟ್ಟಿದ್ದು, ಈಗಷ್ಟೇ ರಾಜಿಯಾಗಿ, ಭಾವ ಸ್ವಹಸ್ತದಿಂದ ಒಂದು ಊಟದ ಕುರ್ಚಿ ಮಾಡಿಕೊಟ್ಟಿದ್ದ. ಮೂರು ಕಾಲು ಆಡಳಿತ ಪಕ್ಷ, ನಾಲ್ಕನೆಯದು ವಿರೋಧ ಪಕ್ಷ.

"ಕುರ್ಚಿ ಬಗ್ಗೆ ತುಟಿ ಬಿಚ್ಚಿದ್ರೆ ನೋಡಿ" ಎಂದಿದ್ದಳು ಅಜ್ಜಿ. "ಅಣ್ಣ ಮತ್ತೆ ಮುನಿಸ್ಕೊಂಡ್ರೆ ನಾನೂ ನಿಮ್ ಹತ್ರ ಮಾತು ಬಿಡ್ತೀನಿ."

ತಾತನಿಗೆ ಹೊಟ್ಟೆಯುಬ್ಬರ. ಒಂದು ಬೆಳಿಗ್ಗೆ ತಡೆಯಲಾರದೆ ಸಮುದ್ರದಾಚೆಯ ಹಳೇ ಹಡಗಿನ ಗೆಳೆಯನನ್ನು ಹಿಡಿದು, ಆ ಕುರ್ಚಿಯಲ್ಲಿ ಕೂತರೆ ಬಿರುಗಾಳಿಗೆ ಸಿಕ್ಕ ಹಡಗು ನೆನಪಾಗುತ್ತದೆ, ವಾಂತಿಯೊಂದು ಬಾಕಿ ಎಂದ. ಅದನ್ನು ಕೇಳಿ ಕೆಳಗಿದ್ದ ಅಜ್ಜಿ ಏಣಿಯ ಬುಡಕ್ಕೆ ಓಡಿ ಬಂದಳು.

"ಹುಚ್ಚಿ, ನನ್ನ ಮಾತು ನಿಮ್ಮಣ್ಣನ ತಲೆ ಮೇಲೆ ಹಾರಿಹೋಗುತ್ತೆ ಕಣೆ. ಅವನಿಗೆಲ್ಲಿ ಕೇಳ್ಸುತ್ತೆ?"

ತಾತ ಹೇಳಿದ್ದು ಅಪ್ಪಟ ವಿಜ್ಞಾನ. ಅವನ ಒಂದಕ್ಷರವೂ ಭಾವನ ಕಿವಿಗೆ ಬೀಳಲಿಲ್ಲ. ಆದರೆ ಸರಿಯಾಗಿ ಕೇಳಿಸಿತೇ ಎಂದು ಖಚಿತಪಡಿಸಿಕೊಳ್ಳಲು ಪ್ರತಿ ಮಾತನ್ನೂ ತಿರುಗಿ ಒಪ್ಪಿಸುವುದು ವೈರ್‌ಲೆಸ್ಸಿನವರ ಚಾಳಿ. "ನಿನ್ನ ಬಡಗಿ ಭಾವನ ಕುರ್ಚಿ, ಬಿರುಗಾಳಿಯ ಹಡಗು, ವಾಂತಿ ಬಾಕಿ. ಸರಿ ತಾನೆ?" ಎಂದು ಗೆಳೆಯ ಗಂಟಲು ಹರಿದುಕೊಂಡ. ಆ ದನಿ ಅದೇ ಮೇಲ್ಮಹಡಿಗೆ ಬಡಿದು, ಅಷ್ಟು ದೂರಕ್ಕೆ ಪಕ್ಕಪಕ್ಕದಂತಿದ್ದ ತಾತನ ಊರಿಗೂ ಭಾವನ ಊರಿಗೂ ಒಟ್ಟಿಗೇ ಸುರಿಯಿತು.

ಮಧ್ಯಾಹ್ನ ಭಾವ ಗರಗಸದೊಂದಿಗೆ ಬಾಗಿಲಲ್ಲಿ ಇಳಿದ. ಅಟ್ಟದ ಕಿಂಡಿಯಿಂದ ನೋಡಿದ ತಾತ ಏಣಿ ಇಳಿಯದೆ ಅಲ್ಲೇ ಕುಳಿತ. ಕೆಳಗೆ ಕೊಯ್ಯುವ ಸದ್ದು, ಸ್ವಲ್ಪ ಮೌನ, ಮತ್ತೆ ಕೊಯ್ಯುವ ಸದ್ದು, ಮತ್ತೆ ಮತ್ತೆ. ಕೊನೆಗೆ ಅಣ್ಣತಂಗಿ ಇಬ್ಬರೂ ಬಿದ್ದು ಬಿದ್ದು ನಗುವುದು ಕೇಳಿಸಿತು.

"ಊಟಕ್ಕೆ ಬನ್ರೀ" ಎಂದು ಅಜ್ಜಿ ಕರೆದಳು. "ಅಣ್ಣ ಕಾಲೆಲ್ಲ ಸಮ ಮಾಡಿದಾನೆ, ಕುರ್ಚಿ ಈಗ ಒಂಚೂರೂ ಅಲ್ಲಾಡಲ್ಲ. ಮೇಜು ಮಾತ್ರ ನಿಮ್ಮ ಮೂಗಿನ ತನಕ ಬರುತ್ತೆ."