ಸುಸ್ಥಿತಿಯಲ್ಲಿದ್ದ ಹಡಗಿನ ರಕ್ಷಣೆ

ಮೊದಲೇ ಆಣೆಯಿಟ್ಟು ಹೇಳಿಬಿಡುತ್ತೇನೆ: ಇಲ್ಲಿ ಬರುವ ಒಂದೊಂದು ಮಾತೂ ಸತ್ಯ. ನಾನು ಸುಳ್ಳು ಹೇಳಿದ್ದನ್ನು ಈ ಕರಾವಳಿಯಲ್ಲಿ ಯಾರೂ ಕೇಳಿಲ್ಲ. ಕೇಳಿದ್ದೇವೆ ಅನ್ನುವವರಿದ್ದರೆ ಅವರು ಕೂಡಲೇ ಕಿವಿಯ ವೈದ್ಯರನ್ನು ಕಾಣುವುದು ಒಳ್ಳೆಯದು.

ಕೋಸ್ಟರಿಕಾದ ಪೆಸಿಫಿಕ್ ದಡದಲ್ಲಿರುವ ಪುವೆರ್ತೊ ಮನ್ಸೊ ಬಂದರಿನ ಟಗ್ ದೋಣಿಗೆ ಎಂಜಿನ್ ಇಲ್ಲ. ಕೆಟ್ಟುನಿಂತ ಹಡಗುಗಳಿಗೆ ಹಗ್ಗ ಕಟ್ಟಿ ದಡಕ್ಕೆ ಎಳೆದು ತರುವುದೇ ಟಗ್ ದೋಣಿಯ ಕೆಲಸವಾದ್ದರಿಂದ ಅದಕ್ಕೆ ಎಂಜಿನ್ ಬೇಕಲ್ಲವೇ ಎಂದು ಕೆಲವು ಅವಸರದ ಜನ ಕೇಳುವುದುಂಟು. ಎಂಜಿನ್ ಇದೆ. ಅದು ಎರವಲು ಸೇವೆಯ ಮೇಲೆ ರಾಜಧಾನಿಗೆ ಹೋಗಿದೆ. ತಪಾಸಣೆಗೆಂದು ಒಯ್ದ ಸಮುದ್ರ ಶಿಸ್ತು ನಿರ್ದೇಶನಾಲಯದವರು ಅದರ ಗಾಂಭೀರ್ಯಕ್ಕೆ ಮಾರುಹೋಗಿ, ಹಸಿರು ಬಣ್ಣ ಬಳಿಸಿ, ಕಚೇರಿಯ ಮೊಗಸಾಲೆಯಲ್ಲಿ ನಿಲ್ಲಿಸಿಕೊಂಡರು. ಈ ನಿರ್ದೇಶನಾಲಯ ಇರುವುದು ಕಾಫಿ ತೋಟಗಳ ನಡುವೆ, ನಾಲ್ಕೂ ಕಡೆ ಬೆಟ್ಟ ಕಾವಲು ನಿಂತ ಊರಿನಲ್ಲಿ. ಸಮುದ್ರ ಕಣ್ಣಿಗೆ ಬಿದ್ದರೆ ತೀರ್ಮಾನಗಳಲ್ಲಿ ಪಕ್ಷಪಾತ ನುಸುಳೀತು ಎಂಬ ಮುಂದಾಲೋಚನೆಯಿಂದ ಹಾಗೆ ಮಾಡಲಾಗಿದೆ.

ಟಗ್ ದೋಣಿಯ ಹೆಸರು ಇಂದೊಮಾಬ್ಲೆ, ಅಂದರೆ ಯಾರಿಗೂ ಬಗ್ಗದವಳು. ಅದನ್ನು ನಡೆಸುವವನು ದೋನ್ ಕ್ಲೋದೊಮಿರೊ. ನಡೆಸುವುದಕ್ಕೇನೂ ಇಲ್ಲದ್ದರಿಂದ ಆತ ಅದರಲ್ಲಿ ವಾಸವಾಗಿದ್ದ. ಎಂಜಿನ್ ಹೋದ ಜಾಗದಲ್ಲಿ ಮಂಚ ಹಾಕಿದ್ದ. ತೀರಿಹೋದ ಹೆಂಡತಿ ನೆಟ್ಟಿದ್ದ ಸೀಮೆಬದನೆ ಬಳ್ಳಿ ಹೊಗೆಕೊಳವೆಯೊಳಗಿಂದಲೇ ಹತ್ತಿ, ಹೊಗೆ ಬರಬೇಕಾದ ಬಾಯಲ್ಲಿ ವರ್ಷ ವರ್ಷವೂ ಕಾಯಿ ಬಿಡುತ್ತಿತ್ತು. ಆಯಾ ವರ್ಷದ ಮೊದಲ ಕಾಯಿಯನ್ನು ಆತ ಯಾರಿಗೂ ಕೊಡುತ್ತಿರಲಿಲ್ಲ. ಹೆಂಡತಿಯ ಹೆಸರು ಹೇಳಿ ತಾನೇ ಬೇಯಿಸಿ ತಿನ್ನುತ್ತಿದ್ದ. ಬೇರೆ ಮನೆ ಆತನಿಗಿರಲಿಲ್ಲ. ಬೇಕು ಅಂತಲೂ ಅನ್ನಿಸಿರಲಿಲ್ಲ.

ಹೀಗಿರುವಲ್ಲಿ ರಾಜಧಾನಿಯಿಂದ ನಿರ್ದೇಶನಾಲಯದ ಅಧಿಕಾರಿ ಲಿಸೆನ್ಸಿಯಾದೊ ಉರ್ಬಿನಾ ಬಂದಿಳಿದ. ಲಿಸೆನ್ಸಿಯಾದೊ ಎಂಬುದು ಕಾಲೇಜು ಮುಗಿಸಿದವರ ಹೆಸರಿಗೆ ಇಲ್ಲಿ ಅಂಟುವ ಗೌರವ. ಒಮ್ಮೆ ಅಂಟಿದರೆ ಬಿಸಿನೀರಿಗೂ ಬಿಡುವುದಿಲ್ಲ. ಜೆಟ್ಟಿಯ ತುದಿಯಲ್ಲಿ ದೋನ್ಯಾ ತಾರ್ಸಿಲಾಳ ಊಟದಂಗಡಿ. ಪೀಪಾಯಿಗಳ ಮೇಲೆ ತೇಲುವ ಆ ತುದಿಯಲ್ಲೇ ಬಂದರಿನ ನಾಮಫಲಕ, ಬಂದರಿನ ಗಂಟೆ, ಬಂದರಿನ ಬಾವುಟಗಳೂ ಇದ್ದವು. ಲಿಸೆನ್ಸಿಯಾದೊ ಅಲ್ಲಿ ಕೂತು, ಕಾಫಿ ತರಿಸಿಕೊಂಡು, ಗಂಟಲು ಸರಿಮಾಡಿಕೊಂಡ.

"ದೋನ್ ಕ್ಲೋದೊಮಿರೊ, ಸಂತೋಷದ ಸುದ್ದಿ. ನಿಮ್ಮ ದೋಣಿಯನ್ನು ಮುಳುಗಿಸಲು ಆಯ್ಕೆ ಮಾಡಲಾಗಿದೆ."

"ಮುಳುಗಿಸೋಕಾ?"

"ಬಹಳ ಪೈಪೋಟಿಯಿತ್ತು. ನಿಮ್ಮದೇ ಆಯ್ಕೆಯಾಯಿತು. ಮುಳುಗಿದ ಹಡಗಿನ ಸುತ್ತ ಹವಳ ಬೆಳೆಯುತ್ತದೆ, ಮೀನು ಬರುತ್ತದೆ, ಅದನ್ನು ನೋಡಲು ಪ್ರವಾಸಿಗರು ಬರುತ್ತಾರೆ. ಪ್ರವಾಸಿಗರನ್ನು ನೀರಿಗಿಳಿಸುವ ವ್ಯವಹಾರವನ್ನು ನಮ್ಮ ನಿರ್ದೇಶಕರ ಭಾವಮೈದುನರು ಆಗಲೇ ಶುರುಮಾಡಿದ್ದಾರೆ. ಅವರ ಹತ್ತಿರ ಎಲ್ಲಾ ಇದೆ, ಮುಳುಗಿದ ಹಡಗೊಂದಿಲ್ಲ. ಪಕ್ಕದ ದೇಶದಲ್ಲಿ ಬೇಕಾದಷ್ಟಿವೆಯಂತೆ. ಇದು ರಾಷ್ಟ್ರೀಯ ಅವಮಾನ."

"ಹವಳ ಯಾಕೆ ಬೆಳೀಬೇಕು ಸಾಹೇಬ್ರೆ, ಸೀಮೆಬದನೆ ಬೆಳೀತಿದೆಯಲ್ಲ," ಅಂದಳು ತಾರ್ಸಿಲಾ, ಕಾಳು ಕದಡುತ್ತಾ.

ಕ್ಲೋದೊಮಿರೊನ ಕೈಯಲ್ಲಿದ್ದ ಹುರಿದ ಬಾಳೆಕಾಯಿ ಕೈಯಲ್ಲೇ ಉಳಿಯಿತು. "ತಪ್ಪಿಸಿಕೊಳ್ಳೋ ದಾರಿ ಏನೂ ಇಲ್ವಾ?"

"ಇದೆ. ರಕ್ಷಣಾ ಸೇವೆ ಸಲ್ಲಿಸಿದ ದೋಣಿಯನ್ನು ಮುಳುಗಿಸತಕ್ಕದ್ದಲ್ಲ ಎಂದು ನಿಯಮವಿದೆ. ನೀವು ನಾಳೆ ಸಂಜೆಯೊಳಗೆ ಯಾವುದಾದರೊಂದು ಹಡಗನ್ನು ರಕ್ಷಿಸಿದರೆ ನಾವೇ ಬಂದು ಹಾರ ಹಾಕುತ್ತೇವೆ. ಇಲ್ಲವಾದರೆ ಸೂರ್ಯ ಮುಳುಗುವಾಗಲೇ ದೋಣಿಯನ್ನೂ ಮುಳುಗಿಸಬೇಕು. ಎರಡೂ ಒಟ್ಟಿಗೆ ಮುಳುಗಿದರೆ ಚಿತ್ರ ಚೆನ್ನಾಗಿ ಬರುತ್ತದೆ ಎಂದು ಭಾವಮೈದುನರ ಅಭಿಪ್ರಾಯ."

ಅಂದಿನಿಂದ ಮರುದಿನ ಮಧ್ಯಾಹ್ನದವರೆಗೆ ಕ್ಲೋದೊಮಿರೊ ರಕ್ಷಣೆಗೆ ಅರ್ಹರಾದವರನ್ನು ಹುಡುಕಿದ. ಮೀನುಗಾರರನ್ನು ಕೇಳಿದ. "ಹೋಗೋ ಮಾರಾಯ, ನಿನ್ನ ದೋಣಿ ಜೆಟ್ಟಿ ಬಿಟ್ಟು ಅಲ್ಲಾಡಿದ್ದನ್ನ ನನ್ನ ಮಗನೂ ನೋಡಿಲ್ಲ, ಅವನಿಗೇ ಈಗ ಗಡ್ಡ ಬಂದಿದೆ," ಅಂತ ನಕ್ಕರು. ಸಮುದ್ರವೋ, ಆ ದಿನ ಹಾಲು ಕಾಯಿಸಿಟ್ಟಂತೆ ಮಲಗಿತ್ತು. ಮುಳುಗುವವರಿಗೆ ಯಾವ ಪ್ರೋತ್ಸಾಹವೂ ಇರಲಿಲ್ಲ.

"ನಿನಗೋಸ್ಕರ ನಾನೇ ಬೇಕಾದ್ರೆ ನೀರಿಗೆ ಬೀಳ್ತಿದ್ದೆ ಕ್ಲೋದೊ," ಅಂದಳು ತಾರ್ಸಿಲಾ. "ಆದ್ರೆ ಒಲೆ ಮೇಲೆ ಕಾಳಿದೆ."

"ನೀನು ಬಿದ್ರೆ ಸಾಲದು, ಹಡಗೇ ಆಗ್ಬೇಕಂತೆ."

"ನನ್ನ ಗಾತ್ರ ನೋಡಿ ಆ ಸಾಹೇಬ್ರು ಒಪ್ಪಿದ್ರೂ ಒಪ್ಪಬಹುದಿತ್ತು ಬಿಡು."

ಆಗ ಗಾಳಿ ಎದ್ದಿತು. ಅದರ ಬೆನ್ನಿಗೇ ಭೂಶಿರವನ್ನು ಬಳಸಿಕೊಂಡು ಗೊಲೊಂದ್ರಿನಾ ಕಾಣಿಸಿಕೊಂಡಿತು. ಮೂರು ಕಂಬದ ಹಾಯಿಹಡಗು. ಕಾಂಡ್ಲಾ ಕಾಡು, ಡಾಲ್ಫಿನ್ನು, ಕೋತಿ, ಗಿಣಿ ಎಲ್ಲವನ್ನೂ ತೋರಿಸುತ್ತೇವೆಂದು ಅಗಲ ಟೋಪಿಯ ಪರದೇಶಿಗಳನ್ನು ತುಂಬಿಕೊಂಡು ತೀರದುದ್ದಕ್ಕೂ ಓಡಾಡುತ್ತದೆ. ಅಂದು ಇದ್ದಬದ್ದ ಹಾಯಿಯನ್ನೆಲ್ಲ ಬಿಚ್ಚಿ, ಎದೆಯುಬ್ಬಿಸಿಕೊಂಡು ಬರುತ್ತಿತ್ತು. ಜೆಟ್ಟಿಯ ಮೇಲಿದ್ದ ನಾಯಿ ಕೂಡ ಎದ್ದು ನಿಂತು ನೋಡಿತು.

ಲಿಸೆನ್ಸಿಯಾದೊ ಗಾಬರಿಯಾದ. ಆತ ಹಾಯಿಹಡಗನ್ನು ಕಂಡದ್ದು ಅದೇ ಮೊದಲು.

"ಎಂಜಿನ್ ಸದ್ದು ಯಾಕೆ ಕೇಳುತ್ತಿಲ್ಲ?"

"ಗಾಳೀಲಿ ಬರ್ತಿದೆ ಸಾಹೇಬ್ರೆ," ಅಂದ ಕ್ಲೋದೊಮಿರೊ.

"ಅಂದರೆ ಗಾಳಿ ತಳ್ಳಿದ ಕಡೆಗೆ ಹೋಗುತ್ತಿದೆ! ಯಂತ್ರದ ಸದ್ದಿಲ್ಲದೆ ಸರಿಯುವ ಹಡಗನ್ನು ತೇಲಿಹೋಗುತ್ತಿದೆ ಎಂದೇ ಭಾವಿಸತಕ್ಕದ್ದು. ಪಾಪ, ಹಾಸಿಗೆ ಹೊದಿಕೆಯನ್ನೆಲ್ಲ ಕಂಬಕ್ಕೆ ಕಟ್ಟಿ ಸಹಾಯಕ್ಕೆ ಕರೆಯುತ್ತಿದ್ದಾರೆ. ದೋನ್ ಕ್ಲೋದೊಮಿರೊ, ಏನು ನೋಡುತ್ತಾ ನಿಂತಿದ್ದೀರಿ? ರಕ್ಷಿಸಿ!"

ಹೊಗೆಕೊಳವೆಯಲ್ಲಿ ಜೋತಾಡುತ್ತಿದ್ದ ಸೀಮೆಬದನೆಯನ್ನು ಕ್ಲೋದೊಮಿರೊ ಒಮ್ಮೆ ನೋಡಿದ. "ಈಗ್ಲೇ ರಕ್ಷಿಸ್ತೀನಿ," ಅಂದ.

"ನಿಮ್ಮ ಎಂಜಿನ್?"

"ಸೇವೆಯಲ್ಲಿದೆ ಸಾಹೇಬ್ರೆ."

"ಸರಿ ಹಾಗಾದರೆ."

ರಕ್ಷಣೆಯ ಸಮಯದಲ್ಲಿ ಅಧಿಕಾರಿ ಟಗ್ ದೋಣಿಯಲ್ಲೇ ಇರತಕ್ಕದ್ದು ಎಂದು ನಿಯಮ. ಲಿಸೆನ್ಸಿಯಾದೊ ಹತ್ತಿದ. ಕಟ್ಟಿಹಾಕಿದ ದೋಣಿಯಲ್ಲೇ ಆತನ ಮುಖ ಹಸಿಬಾಳೆಯ ಬಣ್ಣಕ್ಕೆ ತಿರುಗಿತು. ಕ್ಲೋದೊಮಿರೊ ದೋಣಿಯ ಹಿಂಭಾಗದಲ್ಲಿ ಕುರ್ಚಿ ಹಾಕಿ, ಜೆಟ್ಟಿಯ ಕಡೆ ಮುಖ ಮಾಡಿಸಿ ಕೂರಿಸಿ, ಮಡಿಲಿಗೊಂದು ಬಕೆಟ್ ಕೊಟ್ಟ.

"ಹೀಗೇ ಕೂತಿರಿ ಸಾಹೇಬ್ರೆ. ತಿರುಗಿ ಮಾತ್ರ ನೋಡ್ಬೇಡಿ. ತಿರುಗಿದ್ರೆ ಹೊಟ್ಟೆಯೂ ತಿರುಗುತ್ತೆ."

ಆಮೇಲೆ ತನ್ನ ಸಣ್ಣ ದೋಣಿಗಿಳಿದು, ಟಗ್ಗಿನ ದಪ್ಪ ಹಗ್ಗದ ತುದಿ ಹಿಡಿದುಕೊಂಡು, ಹುಟ್ಟು ಹಾಕುತ್ತಾ ಗೊಲೊಂದ್ರಿನಾದ ಬಳಿ ಹೋದ. ಅದರ ಕಪ್ತಾನ ಇಸಾವ್ರಾ, ಬಿಸಿಲಿಗೆ ಹದವಾಗಿ ಸುಟ್ಟ ಪನಾಮಾದ ಹೆಂಗಸು, ಮೇಲಿನಿಂದ ಬಗ್ಗಿ ನೋಡಿದಳು.

"ಏನು ದೋನ್ ಕ್ಲೋದೊ, ಹಗ್ಗ ಮಾರೋಕೆ ಬಂದ್ರಾ?"

"ನಿಮ್ಮನ್ನ ಕಾಪಾಡೋಕೆ ಬಂದೆ ಕಪ್ತಾನಮ್ಮ."

"ಯಾರಿಂದ?"

"ಅದು ಇನ್ನೂ ಗೊತ್ತಾಗಿಲ್ಲ. ಆದ್ರೆ ಸಂಜೆ ಒಳಗೆ ನೀವು ಬದುಕುಳೀಲಿಲ್ಲ ಅಂದ್ರೆ ನನ್ನ ಮನೆ ಮುಳುಗಿಸ್ತಾರೆ. ಬಳ್ಳಿ ಸಮೇತ."

ಇಸಾವ್ರಾ ಬಂದರಿನ ಕಡೆ ನೋಡಿದಳು. ಹೊಗೆಯ ಬದಲು ಎಲೆ ಬಿಟ್ಟುಕೊಂಡು ನಿಂತ ದೋಣಿ, ಅದರ ಹಿಂಭಾಗದಲ್ಲಿ ಬಕೆಟ್ ಅಪ್ಪಿಕೊಂಡ ಸರ್ಕಾರ. ಆಕೆಗೆ ಪೂರ್ತಿ ಅರ್ಥವಾಯಿತು.

"ನಿಮ್ಮ ಟಗ್ಗು ನನ್ನನ್ನ ಎಳೆಯೋ ಪೈಕಿ ಅಲ್ಲ. ನಾನೇ ಅದನ್ನ ಎಳೀತೀನಿ, ಹಗ್ಗ ಕೊಡಿ. ಹಗ್ಗದ ಆ ತುದಿ ಈ ತುದಿ ಅಂತ ಯಾರು ನೋಡ್ತಾರೆ?" ಅಂದವಳೇ ಮೆಗಾಫೋನ್ ಎತ್ತಿಕೊಂಡು ಘೋಷಿಸಿದಳು: "ಮಾನ್ಯ ಪ್ರಯಾಣಿಕರೇ, ಇನ್ನು ಕೆಲವೇ ಕ್ಷಣಗಳಲ್ಲಿ ನಮ್ಮನ್ನು ರಕ್ಷಿಸಲಾಗುವುದು. ದಯವಿಟ್ಟು ಎಲ್ಲರೂ ಎಡಬದಿಗೆ ಬಂದು, ಸಾಲಾಗಿ ನಿಂತು, ಗಾಬರಿಯಾಗತಕ್ಕದ್ದು. ಇದಕ್ಕೆ ಪ್ರತ್ಯೇಕ ಶುಲ್ಕವಿಲ್ಲ."

ಪ್ರಯಾಣಿಕರು ಚಪ್ಪಾಳೆ ತಟ್ಟಿದರು. ಒಬ್ಬ ಅಜ್ಜಿ ಗಾಬರಿಯಾಗಲು ಬೇರೆ ಟೋಪಿ ಹಾಕಿಕೊಂಡು ಬಂದಳು.

ಕ್ಲೋದೊಮಿರೊ ಹಿಂದಿರುಗಿ ಟಗ್ಗು ಹತ್ತಿದ. ಗೊಲೊಂದ್ರಿನಾ ತಿರುಗಿ, ತೀರದುದ್ದಕ್ಕೆ ಮುಖ ಮಾಡಿ, ಗಾಳಿ ತುಂಬಿಕೊಂಡಿತು. ಹಗ್ಗ ಬಿಗಿಯಾಯಿತು. ಇಂದೊಮಾಬ್ಲೆ ಮೊದಲು ನರಳಿತು, ಆಮೇಲೆ ನಿಟ್ಟುಸಿರಿಟ್ಟಿತು, ಆಮೇಲೆ ಹೊರಟೇಬಿಟ್ಟಿತು. ದೋಣಿಯನ್ನು ಜೆಟ್ಟಿಗೆ ಕಟ್ಟಿದ್ದ ಗಂಟುಗಳನ್ನು ಬಿಚ್ಚಬೇಕಿತ್ತು ಎಂಬುದು ಆತನಿಗೆ ಆಗಲೇ ನೆನಪಾದದ್ದು. ಬಿಚ್ಚಲು ಹೋಗಿದ್ದರೂ ಆಗುತ್ತಿರಲಿಲ್ಲ. ಅವು ಚಿಪ್ಪು ಮೆತ್ತಿ ಮೆತ್ತಿ ಕಲ್ಲಾಗಿದ್ದವು. ಗಂಟು ಬಿಚ್ಚಲಿಲ್ಲ. ಜೆಟ್ಟಿ ಬಿಚ್ಚಿಕೊಂಡಿತು.

ಹೀಗೆ ಮುಂದೆ ಹಾಯಿಹಡಗು, ಅದರ ಹಿಂದೆ ಟಗ್ಗು, ಅದರ ಹಿಂದೆ ತಾರ್ಸಿಲಾಳ ಅಂಗಡಿ, ನಾಮಫಲಕ, ಗಂಟೆ, ಬಾವುಟ, ನಾಯಿ ಮತ್ತು ಕಾಫಿ ಕುಡಿಯುತ್ತಿದ್ದ ಒಬ್ಬ ಗಿರಾಕಿ, ಎಲ್ಲ ಸಾಲಾಗಿ ಸಾಗಿದವು. ಪೀಪಾಯಿಗಳು ಪೀಪಾಯಿಗಳಿಗೆ ಒಪ್ಪುವಂತೆ ತೇಲಿದವು. ಒಲೆ ಆರಲಿಲ್ಲ. ಕಾಳು ಸೀಯಲಿಲ್ಲ.

ತಾರ್ಸಿಲಾ ಸೌಟು ಹಿಡಿದುಕೊಂಡೇ ಅಂಚಿಗೆ ಬಂದಳು. ಎದುರಿಗೆ, ನೀರಿನಾಚೆ, ಲಿಸೆನ್ಸಿಯಾದೊ ಆಕೆಯ ಕಡೆಗೇ ಮುಖ ಮಾಡಿ ಕೂತಿದ್ದ.

"ಸಾಹೇಬ್ರೇ! ನನ್ನ ಅಂಗಡಿ ಎಲ್ಲಿಗೆ ಹೊರಟಿದೆ?"

"ಎಲ್ಲಿಗೂ ಹೊರಟಿಲ್ಲ ದೋನ್ಯಾ. ನೀವಿರುವುದು ಬಂದರಿನಲ್ಲಿ. ಬಂದರು ಚಲಿಸುವುದಿಲ್ಲ."

"ಮತ್ತೆ ಆ ತೆಂಗಿನ ಮರಗಳು ಹಿಂದಕ್ಕೆ ಹೋಗ್ತಿವೆಯಲ್ಲ?"

ಲಿಸೆನ್ಸಿಯಾದೊ ನೋಡಿದ. ನಿಜವಾಗಿಯೂ ಹೋಗುತ್ತಿದ್ದವು. ಕೆಂಪು ಗಿಣಿಗಳು ಕಿತ್ತಾಡುತ್ತಿದ್ದ ಕಾಡುಬಾದಾಮಿ ಮರ ಹೋಯಿತು. ಕಾಂಡ್ಲಾ ವನ ಹೋಯಿತು. ಹೆಜ್ಜಾರ್ಲೆಗಳು ಕೂತ ಬಂಡೆ ಹೋಯಿತು. ಗಂಟಲು ಹರಿಯುವಂತೆ ಕೂಗುತ್ತಿದ್ದ ಕೋತಿಗಳ ಸಮೇತ ಒಂದಿಡೀ ಗುಡ್ಡ ಹೋಯಿತು.

"ತೀರಪ್ರದೇಶವು ಅನುಮತಿಯಿಲ್ಲದೆ ಸ್ಥಳಾಂತರಗೊಳ್ಳುತ್ತಿದೆ," ಎಂದ ಆತ ಗಂಭೀರವಾಗಿ. "ಇದನ್ನು ಮೇಲಕ್ಕೆ ತಿಳಿಸಬೇಕಾಗುತ್ತದೆ. ದೋನ್ ಕ್ಲೋದೊಮಿರೊ, ಆ ತೇಲಿಹೋಗುತ್ತಿದ್ದ ಹಡಗೆಲ್ಲಿದೆ?"

"ನಿಮ್ಮ ಬೆನ್ನ ಹಿಂದಿದೆ ಸಾಹೇಬ್ರೆ."

"ಹಗ್ಗ?"

"ಕಟ್ಟಿದೆ."

"ಅಂದರೆ ಅದು ನಮ್ಮ ಹಿಂದೆ ಬರುತ್ತಿದೆ. ಅಧಿಕಾರಿ ಯಾವ ಕಡೆ ಮುಖ ಮಾಡಿದ್ದಾನೋ ಅದೇ ಮುಂದು ಎಂದು ನಿಯಮ ಸ್ಪಷ್ಟವಾಗಿದೆ. ಭೇಷ್. ಚೆನ್ನಾಗಿ ಎಳೆಯುತ್ತಿದ್ದೀರಿ." ಇಷ್ಟು ಹೇಳಿ ಆತ ಬಕೆಟ್ಟಿನ ಕಡೆ ಗಮನ ಹರಿಸಿದ.

ಆ ಹೊತ್ತಿಗೆ ಪ್ರಯಾಣಿಕರಿಗೆ ಹಸಿವಾಗಿತ್ತು. ಇಸಾವ್ರಾ ತನ್ನ ಸಣ್ಣ ದೋಣಿಗಳನ್ನಿಳಿಸಿ ಅವರನ್ನು ಸರದಿಯ ಮೇಲೆ ತಾರ್ಸಿಲಾಳ ಅಂಗಡಿಗೆ ಕಳಿಸಿದಳು. ಅನ್ನ-ಕಾಳು ಕಲಸಿದ ಗಾಯೊ ಪಿಂತೊ ತಿನ್ನುತ್ತಾ, ಸುತ್ತ ಡಾಲ್ಫಿನ್‌ಗಳು ನೆಗೆಯುವುದನ್ನು ನೋಡುತ್ತಾ, ಈವರೆಗಿನ ಪ್ರಯಾಣದಲ್ಲಿ ಇಷ್ಟು ಸುಖವಾಗಿ ತಾವೆಲ್ಲೂ ಅಪಾಯಕ್ಕೆ ಸಿಕ್ಕಿರಲಿಲ್ಲ ಎಂದು ಅವರು ಹೇಳಿಕೊಂಡರು.

ಸೂರ್ಯ ನೀರಿಗೆ ಒಂದು ಗೇಣಿರುವಾಗ ಗೊಲೊಂದ್ರಿನಾ ಒಲ್ವಿದೊ ಎಂಬ ಕೊಲ್ಲಿ ಸೇರಿ ಲಂಗರು ಹಾಕಿತು. ಒಲ್ವಿದೊ ಊರಿನವರು ತಮಗೊಂದು ಬಂದರು ಬೇಕೆಂದು ಅಜ್ಜಂದಿರ ಕಾಲದಿಂದ ಕೇಳುತ್ತಿದ್ದರು. ಅವರ ಬೇಡಿಕೆ ಪರಿಶೀಲನೆಯಲ್ಲಿದೆ ಎಂದು ನಿರ್ದೇಶನಾಲಯ ಪ್ರತಿ ಸಲವೂ ಉತ್ತರಿಸುತ್ತಿತ್ತು. ಈಗ ನಾಮಫಲಕ, ಗಂಟೆ, ಬಾವುಟ, ಊಟ ಸಮೇತ ಬಂದರೇ ಬಂದು ನಿಂತದ್ದನ್ನು ಕಂಡು ಅವರಿಗೆ ಸರ್ಕಾರದ ಮೇಲೆ ಎಂದೂ ಇಲ್ಲದ ನಂಬಿಕೆ ಹುಟ್ಟಿತು. ಮರದ ಪಟ್ಟಿಗಳ ಮರಿಂಬಾ ವಾದ್ಯ ತಂದು ಬಾರಿಸಿದರು.

ದೋಣಿ ಅಲ್ಲಾಡುವುದು ನಿಂತ ಮೇಲೆ ಲಿಸೆನ್ಸಿಯಾದೊ ಕಣ್ಣು ಬಿಟ್ಟ. ಎದುರಿಗೇ 'ಪುವೆರ್ತೊ ಮನ್ಸೊ ಬಂದರು, ಸ್ವಾಗತ' ಎಂಬ ಫಲಕ. ಎದ್ದು, ಮೊಟ್ಟಮೊದಲ ಬಾರಿಗೆ ಹಿಂದಿರುಗಿ ನೋಡಿದ. ಹಗ್ಗದ ತುದಿಯಲ್ಲಿ ಗೊಲೊಂದ್ರಿನಾ. ಕ್ಲೋದೊಮಿರೊ ಉಸಿರು ಬಿಗಿಹಿಡಿದು ನಿಂತಿದ್ದ. ಸೂರ್ಯನ ಅಂಚು ನೀರಿಗೆ ತಗುಲಿತು.

"ಹಡಗು ಬಂದರು ತಲುಪಿದೆ," ಎಂದ ಲಿಸೆನ್ಸಿಯಾದೊ. "ರಕ್ಷಣೆ ಸಂಪನ್ನವಾಯಿತು. ಇಂದು ಸೂರ್ಯ ಒಬ್ಬನೇ ಮುಳುಗತಕ್ಕದ್ದು."

ಕ್ಲೋದೊಮಿರೊ ಹೊಗೆಕೊಳವೆ ಹತ್ತಿ ಎಳೆಯ ಸೀಮೆಬದನೆಯೊಂದನ್ನು ಕಿತ್ತು ತಂದು ಇಸಾವ್ರಾಳ ಕೈಗಿಟ್ಟ. ಅದು ಆ ವರ್ಷದ ಮೊದಲ ಕಾಯಿ.

"ಬರೋ ವಾರವೂ ಕಾಪಾಡ್ತೀರಾ?" ಅಂತ ಕೇಳಿದಳು ಆಕೆ. "ನಮ್ಮವರು ಈಗಲೇ ಕೇಳ್ತಿದ್ದಾರೆ."

ಆಮೇಲಿನದೆಲ್ಲ ಸಾರ್ವಜನಿಕರಿಗೆ ತಿಳಿದದ್ದೇ. ಗೊಲೊಂದ್ರಿನಾ ಪ್ರತಿ ವಾರ, ಕೊಲ್ಲಿಯಿಂದ ಕೊಲ್ಲಿಗೆ, ಪೂರ್ತಿ ಸುಸ್ಥಿತಿಯಲ್ಲಿ, ರಕ್ಷಿಸಲ್ಪಡುತ್ತದೆ. ಪುವೆರ್ತೊ ಮನ್ಸೊ ಬಂದರು ಆಯಾ ದಿನ ಯಾವ ಕೊಲ್ಲಿಯಲ್ಲಿರುತ್ತದೆ ಎಂಬುದನ್ನು ಚರ್ಚಿನ ಬಾಗಿಲಿಗೆ ಅಂಟಿಸುತ್ತಾರೆ. ಹಡಗುಗಳು ಅದನ್ನು ನೋಡಿಕೊಂಡೇ ಬರುತ್ತವೆ. ಒಲ್ವಿದೊದವರಿಗೆ ಮಂಗಳವಾರ ಬಂದರಿರುತ್ತದೆ, ಬುಧವಾರ ಇರುವುದಿಲ್ಲ. ಒಂದು ದಿನವಾದರೂ ಇದೆಯಲ್ಲ ಎಂದು ಅವರು ತೃಪ್ತರು. ತೀರಪ್ರದೇಶ ಸರಿದಾಡದಂತೆ ನೋಡಿಕೊಳ್ಳಲು ಕಾವಲುಗಾರರನ್ನು ನೇಮಿಸಲಾಗಿದ್ದು, ಈವರೆಗೆ ಅದು ಕದಲಿಲ್ಲವಾದ್ದರಿಂದ ಅವರಿಗೆ ಬಡ್ತಿಯಾಗಿದೆ. ಮುರಿದು ಉಳಿದ ಜೆಟ್ಟಿಯ ಬುಡವನ್ನು ನಿರ್ದೇಶಕರ ಭಾವಮೈದುನರಿಗೆ ವಹಿಸಲಾಗಿದೆ. ಅವರು ಪ್ರವಾಸಿಗರನ್ನು ನೀರಿಗಿಳಿಸಿ, ಮುಳುಗದೇ ಉಳಿದ ದೋಣಿಯ ಜಾಗವನ್ನು ತೋರಿಸುತ್ತಾರೆ. ನೀರು ತಿಳಿಯಾಗಿರುವ ದಿನ, ಅಲ್ಲಿ ಏನೂ ಇಲ್ಲದಿರುವುದು ಬಹಳ ಸ್ಪಷ್ಟವಾಗಿ ಕಾಣುತ್ತದಂತೆ. ರಕ್ಷಣಾ ಕಾರ್ಯದ ಯಶಸ್ಸಿಗಾಗಿ ಪದಕ ಬಂತು. ಅದನ್ನು ಎಂಜಿನ್ನಿಗೆ ತೊಡಿಸಿದ್ದಾರೆ. ಕ್ಲೋದೊಮಿರೊನಿಗೆ ಬೇಸರವಿಲ್ಲ. ಮಂಚ ಹಾಕಿದ ಜಾಗದಲ್ಲಿ ಮಂಚ ಇದೆ, ಬಳ್ಳಿ ಇದೆ, ಈಗ ಕಿಟಕಿಯಾಚೆ ಊರುಗಳೂ ಬದಲಾಗುತ್ತವೆ.

ಮೊದಲೇ ಆಣೆಯಿಟ್ಟವನು ನಾನು, ಆದ್ದರಿಂದ ಇದನ್ನೂ ಹೇಳಲೇಬೇಕು. ಇಷ್ಟರಲ್ಲಿ ಒಂದೇ ಒಂದು ಸಣ್ಣ ವಿವರವನ್ನು ನಾನು ಕಟ್ಟಿದ್ದೇನೆ. ಕಾಳು ಸೀಯಲಿಲ್ಲ ಅಂದೆನಲ್ಲ, ಸೀದಿತ್ತು. ಚೆನ್ನಾಗಿಯೇ ತಳ ಹಿಡಿದಿತ್ತು. ಕಾಫಿ ಕುಡಿಯುತ್ತಿದ್ದ ಆ ಗಿರಾಕಿ ನಾನೇ, ಮೊದಲ ತಟ್ಟೆ ಬಂದದ್ದೂ ನನಗೇ. ಆದರೆ ಈ ಮಾತು ತಾರ್ಸಿಲಾಳ ಕಿವಿಗೆ ಬೀಳದಿರಲಿ. ಬಂದರು ಎಲ್ಲಿಗೇ ಹೋಗಲಿ, ನನ್ನ ಊಟ ಈಗಲೂ ಅಲ್ಲೇ.