ಗೋಪುರಕ್ಕೆ ಕಟ್ಟಿದ ಹಗ್ಗ

ತೆಲಂಗಾಣ ಬೇರೆ ರಾಜ್ಯವಾಗಿ, ಬಸ್ಸುಗಳ ಮೇಲೆ ಎ.ಪಿ. ಅಳಿಸಿ ಟಿ.ಎಸ್. ಬರೆಯುತ್ತಿದ್ದ ದಿನಗಳಲ್ಲಿ, ನಾರಾಯಣಪೇಟೆಯ ನಮ್ಮ ಶಾಂತತ್ತೆಯ ಕಂಪ್ಯೂಟರಿಗೂ ಸ್ವಂತ ಬುದ್ಧಿ ಕೊಡಿಸಬೇಕೆಂದು ನಾನು ತೀರ್ಮಾನಿಸಿದೆ. ಗದ್ವಾಲದ ಕಾಲೇಜಿನಲ್ಲಿ ನಾನು ಕಲಿತದ್ದು ಎರಡು ವಿದ್ಯೆ: ಕಂಪ್ಯೂಟರು ಮತ್ತು ಚರ್ಚಾಸ್ಪರ್ಧೆ.

ಅತ್ತೆ ಸೀರೆ ನೇಯುವವಳು. ಅಂಚಿನ ಚಿತ್ರವನ್ನು ಕಂಪ್ಯೂಟರಿನಿಂದ ಕಳಿಸಿದರೆ ಹಳೆಯ ಪಂಚಿಂಗ್ ಮಷೀನು ರಟ್ಟುಗಳಿಗೆ ತೂತು ಹೊಡೆಯುತ್ತದೆ. ರಟ್ಟುಗಳನ್ನು ಹೊಲಿದು ಮಗ್ಗಕ್ಕೇರಿಸಿದರೆ, ತೂತು ಇದ್ದಲ್ಲಿ ಎಳೆ ಎದ್ದು ಚಿತ್ರ ಮೂಡುತ್ತದೆ. ಆದರೆ ತಂತಿ ಸಿಕ್ಕಿಸುವ ಯಾವ ಪೋರ್ಟಿನಲ್ಲಿ ಮಷೀನು, ಯಾವುದರಲ್ಲಿ ಪ್ರಿಂಟರು ಎಂದು ಅತ್ತೆ ದಿನಾ ಕಂಪ್ಯೂಟರಿಗೆ ಕೈಯಾರೆ ತಿಳಿಸಬೇಕಿತ್ತು.

"ಬಾಗಿಲಿಗೆ ಯಾರು ಬಂದಾರಂತ ಮನಿಯವರೇ ಕೇಳಬೇಕು ಅತ್ತಿ. ಅದು ಕೇಳಂಗಿಲ್ಲ, ನೀ ಹೇಳ್ತಿ. ಇದ್ಯಾವ ನ್ಯಾಯ?"

"ನ್ಯಾಯ ನನಗ ಗೊತ್ತಿಲ್ಲವ್ವಾ. ಎರಡು ಗುಂಡಿ ಒತ್ತತೀನಿ, ನಡೀತೈತಿ. ಮಕ್ತಲದವರ ಮದುವಿ ಸೀರಿ, ನಾ ಸ್ವಂತ ಹಿಡಿದ ಮೊದಲನೇ ಆರ್ಡರು. ಈಗ ಕೈ ಹಚ್ಚಬ್ಯಾಡ."

"ನಡೀತೈತಿ ಅನ್ನೋದು ವಾದ ಅಲ್ಲ ಅತ್ತಿ."

ಅತ್ತೆ ಎದ್ದು ಮಗ್ಗದ ಕಡೆ ನಡೆದಳು. ನಾನದನ್ನು ಗೆಲುವೆಂದು ಪರಿಗಣಿಸಿದೆ.

ಎರಡು ದಿನ ಕೂತು, ಮಷೀನನ್ನು ನಡೆಸುವ ಡ್ರೈವರ್ ಎಂಬ ಪ್ರೋಗ್ರಾಮನ್ನು ಹೊಸದಾಗಿ ಬರೆದೆ. ಹಳೆಯದನ್ನು ತತ್ವಬದ್ಧವಾಗಿ ಅಳಿಸಿಹಾಕಿದೆ. ಈಗ ಕಂಪ್ಯೂಟರು ತಾನೇ ಪ್ರತಿ ಪೋರ್ಟಿಗೂ 'ಯಾರು ನೀವು?' ಎಂದು ಸಂಕೇತ ಕಳಿಸುತ್ತದೆ. ಪ್ರಿಂಟರು ಸಭ್ಯವಾಗಿ ಹೆಸರು ಹೇಳಿತು. ಮಷೀನು ಹೇಳಲಿಲ್ಲ. ಎದುರಾಳಿ ಬಾಯಿ ಬಿಡುವವರೆಗೆ ಪ್ರಶ್ನೆ ಬಿಡಬಾರದಲ್ಲವೇ? ಪ್ರತಿ ರಟ್ಟಿಗೂ ಮುಂಚೆ ಮತ್ತೆ ಕೇಳುವಂತೆ ಬರೆದಿದ್ದೆ. ಮದುವೆ ಸೀರೆಯ ಗೋಪುರದಂಚಿನ ರಟ್ಟುಗಳಿಗೆ ಕಟಕಟನೆ ತೂತುಗಳು ಬಿದ್ದವು. ರಟ್ಟು ಮಗ್ಗಕ್ಕೇರಿತು.

ಗೇಣುದ್ದ ನೇಯುವಷ್ಟರಲ್ಲಿ ಮದುಮಗಳ ತಾಯಿ ಮಕ್ತಲದಿಂದ ನೋಡಲು ಬಂದರು. ಅಂಚಿನ ಉದ್ದಕ್ಕೂ ನಾಲ್ಕೈದು ಎಳೆಗಳು ಸಡಿಲವಾಗಿ ಜೋತಾಡುತ್ತಿದ್ದವು.

"ಏನ್ರೀ ಶಾಂತಮ್ಮಾ, ಗೋಪುರದ ಸಾಲು ಅಂದಿದ್ರಿ. ಬಟ್ಟಿ ಒಣಹಾಕಾಕ ಹಗ್ಗಾನೂ ಕಟ್ಟೀರಲ್ರೀ?"

ಆ ಮುದಿ ಮಷೀನಿಗೆ ಗೊತ್ತಿದ್ದದ್ದು ಒಂದೇ: ಏನು ಬಂದರೂ ತೂತು ಹೊಡೆಯುವುದು. ನನ್ನ ಪ್ರಶ್ನೆಯನ್ನೇ ಅದು ಪ್ರತಿ ರಟ್ಟಿನಲ್ಲೂ ಒಂದೇ ಜಾಗದಲ್ಲಿ ಕೊರೆದಿತ್ತು; ಅಲ್ಲಿನ ಎಳೆಗಳು ಪ್ರತಿ ಸಾಲಿನಲ್ಲೂ ಮೇಲೆದ್ದು ನೇಯ್ಗೆಗೆ ಸಿಕ್ಕಿರಲೇ ಇಲ್ಲ.

"ತಪ್ಪು ಡ್ರೈವರಿಂದಲ್ರೀ," ಎಂದೆ. "ಕೇಳಿದ್ದಕ್ಕ ಉತ್ತರ ಕೊಡದ ಮಷೀನಿಂದು."

"ಹೌದಾ? ಮದುವ್ಯಾಗ ನಮ್ಮ ಹುಡುಗಿ ಮಗ್ಗಲಕ ನಿಂತು ಎಲ್ಲರಿಗೂ ಇದನ್ನ ಹೇಳಾಕ ನೀ ಬರ್ತೀಯೇನವ್ವಾ?" ಅತ್ತೆಯ ಕಡೆ ತಿರುಗಿದರು. "ಸೋಮವಾರ ಬರ್ತೀನ್ರೀ. ಹಗ್ಗ ಇದ್ರ ಸೀರಿ ಬ್ಯಾಡ."

ಅತ್ತೆ ಒಂದು ಬಟ್ಟಲು ಅಂಟು, ಕಾಗದದ ಚೂರುಗಳನ್ನು ನನ್ನ ಮುಂದಿಟ್ಟಳು. ಹೊಸದಾಗಿ ಹೊಡೆಯಲು ಹಳೆಯ ಡ್ರೈವರು ಉಳಿದಿರಲಿಲ್ಲ; ಇದ್ದದ್ದು ಇದೇ ನೂರಾರು ರಟ್ಟು. ಯಾವ ತೂತು ಗೋಪುರದ್ದು, ಯಾವುದು ನನ್ನ ಪ್ರಶ್ನೆಯದು ಎಂದು ಬೆರಳಿಟ್ಟು ಹುಡುಕಿ ಮುಚ್ಚಬೇಕು.

"ಅತ್ತಿ, ತತ್ವದ ಪ್ರಕಾರ ನಾ ಹೇಳಿದ್ದು ಸರಿ ಐತಿ."

"ಸರಿ ಐತಿ. ಎಡಗಡಿ ತೂತು ಮುಚ್ಚು."

ಸೋಮವಾರ, ಹೊಸದಾಗಿ ನೇಯ್ದ ಅಂಚಿನಲ್ಲಿ ಹಗ್ಗ ಇರಲಿಲ್ಲ. ಗೋಪುರಗಳಿಗೆ ಕಳಸವೂ ಇರಲಿಲ್ಲ. ಅದರ ತೂತುಗಳನ್ನೂ ನಾನೇ ಮುಚ್ಚಿದ್ದೆ.

ಮದುಮಗಳ ತಾಯಿ ಕನ್ನಡಕ ಏರಿಸಿದರು. "ಕಳಸ ಎಲ್ಲಿ ಹೋದವ್ರೀ?"

ನಾನು ಬಾಯಿ ತೆರೆದೆ. ಅತ್ತೆ ನನ್ನ ಕಾಲು ತುಳಿದಳು.

"ಹೊಸಾ ಡಿಸೈನ್ ರೀ. ಪ್ಯಾಟ್ಯಾಗ ಯಾರ ಹತ್ರಾನೂ ಇಲ್ಲ."

ಆಕೆ ಅಂಚನ್ನು ಇನ್ನೊಮ್ಮೆ ಸವರಿ, ಹೌದಲ್ಲ ಎಂದು ಒಪ್ಪಿಕೊಂಡು ಹೋದರು. ಆ ವಾದಕ್ಕೆ ಯಾವ ಆಧಾರವೂ ಇರಲಿಲ್ಲ, ಇಂದಿಗೂ ಹೇಳುತ್ತೇನೆ. ಅಂದು ಮಾತ್ರ ಹೇಳಲಿಲ್ಲ. ಕಾಲು ಇನ್ನೂ ಅತ್ತೆಯ ಕಾಲಡಿಯಲ್ಲಿತ್ತು.